ಲ್ಯಾಪ್‌ಟಾಪ್ ಆನ್ ಮಾಡಿದರೆ ಗ್ರಬ್ ಅಂತ ಬಂದು ನಿಲ್ಲುತ್ತಿದೆ, ಅಂಗಡಿಯವರು ಫಾರ್ಮ್ಯಾಟ್ ಅನ್ನುತ್ತಿದ್ದಾರೆ

ಡೊಂಬಿವಲಿ_ಲೆಕ್ಕ:

ನಮಸ್ಕಾರ. ತುರ್ತಾಗಿ ಸಹಾಯ ಬೇಕಿತ್ತು. ಮೊಬೈಲ್‌ನಿಂದ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿ ಪೂರ್ವದಲ್ಲಿ ಇರುವುದು, ಮನೆಯಿಂದಲೇ ಲೆಕ್ಕ ಬರೆಯುವ ಕೆಲಸ. ನಮ್ಮ ಕಡೆಯವರದ್ದೇ ಕೆಲವು ಹೋಟೆಲು, ಒಂದೆರಡು ಕಿರಾಣಿ ಅಂಗಡಿ. ಎಲ್ಲರ ಟ್ಯಾಲಿ ಡೇಟಾ ಒಂದೇ ಲ್ಯಾಪ್‌ಟಾಪ್‌ನಲ್ಲಿದೆ. ವಿಂಡೋಸ್ 11.

ಅಕ್ಕನ ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊನ್ನೆ ಬಂದಾಗ ಕಾಲೇಜಿನ ಲ್ಯಾಬ್ ಕೆಲಸಕ್ಕೆ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಬೇಕು ಅಂತ ಒಂದು ಹೊಸ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ತಂದಿದ್ದ. ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಅದರ ಮೇಲೆ ಹಾಕಿಕೊಂಡ. ನನ್ನನ್ನು ಕೇಳಿಯೇ ಮಾಡಿದ್ದು. "ಚಿಕ್ಕಮ್ಮಾ, ನಿಮ್ಮ ಡಿಸ್ಕ್ ಮುಟ್ಟೋದೇ ಇಲ್ಲ" ಅಂದ. ಪಕ್ಕದಲ್ಲೇ ಕೂತಿದ್ದೆ, ಅವನು ಹೊರಗಿನ ಡಿಸ್ಕನ್ನೇ ಆರಿಸಿದ್ದನ್ನು ನಾನೂ ನೋಡಿದ್ದೇನೆ. ರಾತ್ರಿ ಕೆಲಸ ಮುಗಿಸಿದ, ಬೆಳಿಗ್ಗೆ ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಕಲ್ಯಾಣದಿಂದ ಪುಣೆ ಗಾಡಿ ಹತ್ತಿದ.

ಅವನು ಹೋದ ಮೇಲೆ ಆನ್ ಮಾಡಿದರೆ ಬರೀ ಕಪ್ಪು ಪರದೆ. ಮೇಲೆ ಗ್ನೂ ಗ್ರಬ್ ವರ್ಷನ್ 2.12 ಅಂತಿದೆ. ಅದರ ಕೆಳಗೆ ಮಿನಿಮಲ್ ಬ್ಯಾಷ್ ಲೈಕ್ ಲೈನ್ ಎಡಿಟಿಂಗ್ ಅಂತ ಏನೋ ಎರಡು ಸಾಲು. ಆಮೇಲೆ ಗ್ರಬ್ ಅಂತ ಬರೆದು ಕರ್ಸರ್ ಮಿನುಗುತ್ತಾ ಕೂರುತ್ತದೆ. ವಿಂಡೋಸ್ ಸುದ್ದಿಯೇ ಇಲ್ಲ.

ಇಲ್ಲೇ ಹತ್ತಿರದ ಅಂಗಡಿಗೆ ತೆಗೆದುಕೊಂಡು ಹೋದೆ. ಸ್ವಲ್ಪ ಹೊತ್ತು ಏನೇನೋ ಒತ್ತಿ ನೋಡಿ, ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಲೇಬೇಕು, ಡೇಟಾ ಸಿಗೋದಿಲ್ಲ ಅಂದರು. ನಾನು ಬೇಡ ಅಂತ ವಾಪಸ್ ತಂದಿದ್ದೇನೆ. ಹಿಂದಿನ ತಿಂಗಳ ಕೊನೆಯವರೆಗಿನ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿದೆ, ಈ ತಿಂಗಳ ಎಂಟ್ರಿ ಎಲ್ಲಾ ಒಳಗೇ ಇದೆ. 20ನೇ ತಾರೀಕಿಗೆ ಎಲ್ಲರದ್ದೂ ಜಿಎಸ್‌ಟಿ 3ಬಿ ರಿಟರ್ನ್ ಹೋಗಬೇಕು. ಡೇಟಾ ನಿಜವಾಗಿಯೂ ಹೋಗಿದೆಯಾ? ಯಾರಾದರೂ ಗೊತ್ತಿರುವವರು ಹೇಳಿ.


ಪಿಂಪ್ರಿ_ಸಪೋರ್ಟ್:

ಮೇಡಂ, ಮೊದಲು ಒಂದು ಮಾತು. ಡೇಟಾ ಎಲ್ಲೂ ಹೋಗಿಲ್ಲ. ಫಾರ್ಮ್ಯಾಟ್ ಮಾಡಿಸಬೇಡಿ, ಯಾರು ಹೇಳಿದರೂ ಬೇಡ. ನೀವು ವಾಪಸ್ ತಂದದ್ದು ಬಹಳ ಒಳ್ಳೆಯದಾಯಿತು.

ಆಗಿರುವುದು ಏನು ಅಂದರೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಒಂದು ಸಣ್ಣ ಭಾಗವನ್ನು ಬೂಟ್ ಫೈಲ್‌ಗಳಿಗೆ ಅಂತಲೇ ಬಿಟ್ಟಿರುತ್ತಾರೆ. ಇಎಫ್‌ಐ ಪಾರ್ಟಿಷನ್ ಅನ್ನುತ್ತಾರೆ, ವಿಂಡೋಸ್ ಮಾಡಿಕೊಂಡಿದ್ದರೆ ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ವಿಂಡೋಸ್ ಶುರು ಮಾಡುವ ಫೈಲ್ ಅದರಲ್ಲಿ ಒಂದು ಫೋಲ್ಡರ್‌ನಲ್ಲಿರುತ್ತದೆ. ಲಿನಕ್ಸ್ ಹಾಕಿದಾಗ ಗ್ರಬ್, ಅಂದರೆ ಲಿನಕ್ಸ್ ಶುರು ಮಾಡುವ ಪ್ರೋಗ್ರಾಂ, ಪಕ್ಕದಲ್ಲಿ ತನ್ನದೇ ಬೇರೆ ಫೋಲ್ಡರ್ ಮಾಡಿಕೊಳ್ಳುತ್ತದೆ, ವಿಂಡೋಸ್ ಫೋಲ್ಡರ್ ಮುಟ್ಟುವುದಿಲ್ಲ. ಹುಡುಗ ಆರಿಸಿದ್ದು ಹೊರಗಿನ ಡಿಸ್ಕನ್ನೇ ಇರಬಹುದು, ನಾನು ನಂಬುತ್ತೇನೆ. ಆದರೆ ಕೆಲವು ಇನ್‌ಸ್ಟಾಲರ್‌ಗಳು ಲಿನಕ್ಸ್ ಅನ್ನು ಹೇಳಿದ ಡಿಸ್ಕಿಗೇ ಹಾಕಿ, ಗ್ರಬ್ ಅನ್ನು ಮಾತ್ರ ಮೊದಲು ಕಂಡ ಇಎಫ್‌ಐ ಪಾರ್ಟಿಷನ್‌ಗೆ, ಅಂದರೆ ಲ್ಯಾಪ್‌ಟಾಪ್ ಒಳಗಿನದಕ್ಕೇ ಹಾಕಿಬಿಡುತ್ತವೆ. ವರ್ಷಗಳಿಂದ ಜನ ಇದರ ಬಗ್ಗೆ ದೂರುತ್ತಲೇ ಇದ್ದಾರೆ.

ಹೀಗೆ ಒಳಗೆ ಬಂದು ಕೂತ ಗ್ರಬ್ ಹತ್ತಿರ ಇರುವುದು ಮೂರೇ ಸಾಲಿನ ಒಂದು ಫೈಲ್. ಮೊದಲ ಸಾಲು, ಇಂಥ ಗುರುತಿನ ಪಾರ್ಟಿಷನ್ ಹುಡುಕು. ಎರಡನೆಯದು, ನಿನ್ನ ಬಾಕಿ ಸಾಮಾನು ಅದರ ಈ ಫೋಲ್ಡರ್‌ನಲ್ಲಿದೆ. ಮೂರನೆಯದು, ಅಲ್ಲಿರುವ ಮೆನು ಓದು. ಆ ಪಾರ್ಟಿಷನ್ ಇರುವುದು ಹುಡುಗನ ಬ್ಯಾಗಿನಲ್ಲಿ. ಗ್ರಬ್‌ನ ತಲೆ ಡೊಂಬಿವಲಿಯಲ್ಲಿ, ಮುಂಡ ಪುಣೆಯಲ್ಲಿ, ಅಷ್ಟೇ ವಿಷಯ. ಹುಡುಕಿದ್ದು ಸಿಗದೆ ಅದು ನಿಮ್ಮ ಮುಂದೆ ಆ ಕಪ್ಪು ಪರದೆ ತಂದು ನಿಲ್ಲಿಸುತ್ತದೆ.

ಈಗ ಮಾಡಬೇಕಾದ್ದು. ಏನಾದರೂ ಒತ್ತುವ ಮೊದಲು ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ, ಡಿವೈಸ್ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್‌ಗೆ ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ವಿಂಡೋಸ್ ಹಾಕುವ ಬೀಗ, ಅಂದರೆ ಎನ್‌ಕ್ರಿಪ್ಷನ್) ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 48 ಅಂಕೆ, ಆರಾರು ಅಂಕೆಯ ಎಂಟು ಗುಂಪು. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬೂಟ್ ವಿಷಯದಲ್ಲಿ ಕೈಯಾಡಿಸಿದರೆ ಅದು ಕೀ ಕೇಳಬಹುದು. ಆಗ ಕೀ ಇಲ್ಲದಿದ್ದರೆ ನಿಜವಾದ ತೊಂದರೆ ಶುರುವಾಗುತ್ತದೆ, ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ಕೀ ನೋಡಿಕೊಂಡ ಮೇಲೆ, ಆ ಗ್ರಬ್ ಮುಂದೆ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಎಷ್ಟೋ ಲ್ಯಾಪ್‌ಟಾಪ್‌ಗಳು ಅಷ್ಟಕ್ಕೇ ಪಟ್ಟಿಯಲ್ಲಿ ಮುಂದಿರುವ ವಿಂಡೋಸ್‌ಗೆ ಹೋಗಿಬಿಡುತ್ತವೆ. ಹೋಗದಿದ್ದರೆ ಆಫ್ ಮಾಡಿ, ಮತ್ತೆ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಯನ್ನು ಒತ್ತುತ್ತಲೇ ಇರಿ. ಎಚ್‌ಪಿ ಆದರೆ ಎಫ್9, ಡೆಲ್ ಅಥವಾ ಲೆನೊವೊ ಆದರೆ ಎಫ್12. ಬರುವ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇರುತ್ತದೆ, ಅದನ್ನು ಆರಿಸಿ.

ಇನ್ನೊಂದು, ಬಯಾಸ್ (ವಿಂಡೋಸ್‌ಗಿಂತ ಮೊದಲು ಬರುವ ಲ್ಯಾಪ್‌ಟಾಪ್‌ನ ಸ್ವಂತ ಸೆಟ್ಟಿಂಗ್ ಪರದೆ) ಒಳಗೆ ಹೋದರೆ ಸಾಟಾ ಮೋಡ್, ರೇಡ್, ಎಎಚ್‌ಸಿಐ ಅಂತೆಲ್ಲ ಇರುವುದನ್ನು ದಯವಿಟ್ಟು ಬದಲಾಯಿಸಬೇಡಿ. ವಿಡಿಯೋ ನೋಡಿ ಅದನ್ನು ಬದಲಾಯಿಸಿದವರಿಗೆ ವಿಂಡೋಸ್ ಬೂಟ್ ಆಗುವಾಗಲೇ ನೀಲಿ ಪರದೆ ಬರುತ್ತದೆ, ಆಮೇಲೆ ಯಾವ ತೊಂದರೆ ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ.


ಠಾಣೆ_ಪಶ್ಚಿಮ:

ಇಷ್ಟೆಲ್ಲ ಯಾಕೆ, ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಂಡು ರಿಪೇರ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್‌ರೆಕ್ ಫಿಕ್ಸ್ ಎಂಬಿಆರ್, ಆಮೇಲೆ ಫಿಕ್ಸ್ ಬೂಟ್ ಕೊಟ್ಟರೆ ಗ್ರಬ್ ಅಳಿಸಿ ಹೋಗುತ್ತದೆ. ನಮ್ಮ ಆಫೀಸಿನ ಹಳೆ ಕಂಪ್ಯೂಟರ್‌ಗಳಿಗೆಲ್ಲ ಇದನ್ನೇ ಮಾಡುತ್ತಿದ್ದೆವು. ಬರೀ ಐದು ನಿಮಿಷದ ಕೆಲಸ.


ಪಿಂಪ್ರಿ_ಸಪೋರ್ಟ್:

ಠಾಣೆಯವರೇ, ಹಳೆ ಕಂಪ್ಯೂಟರ್‌ಗೆ ನೀವು ಹೇಳಿದ್ದು ಸರಿ. ಆಗ ಬೂಟ್ ಕೋಡ್ ಡಿಸ್ಕಿನ ಮೊದಲ 512 ಬೈಟ್‌ನಲ್ಲೇ ಇರುತ್ತಿತ್ತು, ಗ್ರಬ್ ಬಂದು ಅದರ ಮೇಲೆಯೇ ಬರೆಯುತ್ತಿತ್ತು. ಫಿಕ್ಸ್ ಎಂಬಿಆರ್ ಕೊಟ್ಟರೆ ವಿಂಡೋಸ್ ಕೋಡ್ ಮತ್ತೆ ಅಲ್ಲಿ ಕೂರುತ್ತಿತ್ತು. ಈ ಮೇಡಂ ಲ್ಯಾಪ್‌ಟಾಪ್ ವಿಂಡೋಸ್ 11, ಅಂದರೆ ಹೆಚ್ಚುಕಡಿಮೆ ಖಂಡಿತ ಯುಇಎಫ್‌ಐ, ಹೊಸ ಬಗೆಯ ಬೂಟ್ ವ್ಯವಸ್ಥೆ. ಅದು ಆ ಮೊದಲ ಸೆಕ್ಟರ್‌ನ ಕೋಡ್ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಏನು ಬರೆದರೂ ಗ್ರಬ್ ತನ್ನ ಫೋಲ್ಡರ್‌ನಲ್ಲಿ ಆರಾಮಾಗಿ ಇರುತ್ತದೆ. ಫಿಕ್ಸ್ ಬೂಟ್ ಕೊಟ್ಟರೆ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಆಕ್ಸೆಸ್ ಡಿನೈಡ್ ಅಂತ ಬರುತ್ತದೆ. ಅದನ್ನು ನೋಡಿದ ಜನ ಡಿಸ್ಕೇ ಹಾಳಾಗಿದೆ ಅಂದುಕೊಳ್ಳುತ್ತಾರೆ, ಅಲ್ಲಿಂದ ಮಾತು ಸೀದಾ ಫಾರ್ಮ್ಯಾಟ್‌ಗೆ ಹೋಗುತ್ತದೆ. ನನಗೆ ಬೇಜಾರು ಇರುವುದು ಅದರ ಬಗ್ಗೆ.

ವಿಂಡೋಸ್‌ನ ಬೂಟ್ ಫೈಲೇ ಹೋಗಿದ್ದರೆ ಯುಇಎಫ್‌ಐನಲ್ಲಿ ಬೇಕಾಗುವುದು ಬಿಸಿಡಿಬೂಟ್ ಕಮಾಂಡ್. ಡಿಸ್ಕ್‌ಪಾರ್ಟ್‌ನಲ್ಲಿ ಆ ಸಣ್ಣ ಪಾರ್ಟಿಷನ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟು ಬಿಸಿಡಿಬೂಟ್ ಓಡಿಸಿದರೆ ಫೈಲ್‌ಗಳನ್ನು ಹೊಸದಾಗಿ ಬರೆಯುತ್ತದೆ. ಮೇಡಂಗೆ ಈಗ ಅದರ ಅಗತ್ಯ ಇಲ್ಲ ಅಂತ ನನ್ನ ಅಂದಾಜು. ಮೊದಲು ಬೂಟ್ ಮೆನುವಿನಲ್ಲಿ ಏನು ಕಾಣುತ್ತದೆ ಅಂತ ಅವರು ಹೇಳಲಿ.


ವಾಸ್ಕೋ_ಬಂದರು:

ಪಿಂಪ್ರಿಯವರು ಹೇಳಿದ್ದೇ ಸರಿ. ಗ್ರಬ್ ಪರದೆಯಲ್ಲೇ ಚೈನ್‌ಲೋಡರ್ ಅಂತ ಕಮಾಂಡ್ ಕೊಟ್ಟು ವಿಂಡೋಸ್ ಎಬ್ಬಿಸಬಹುದು, ಕೆಲವರು ಅದನ್ನು ಹೇಳುತ್ತಾರೆ. ಎನ್‌ಕ್ರಿಪ್ಷನ್ ಇರುವ ಲ್ಯಾಪ್‌ಟಾಪ್‌ನಲ್ಲಿ ಸದ್ಯಕ್ಕೆ ಅದು ಬೇಡ ಅಕ್ಕ. ನಡುವೆ ಗ್ರಬ್ ಇದೆ ಅಂತ ಬಿಟ್‌ಲಾಕರ್‌ಗೆ ಗೊತ್ತಾಗುತ್ತದೆ, ಕೀ ಕೇಳುವ ಸಾಧ್ಯತೆ ಜಾಸ್ತಿ. ಬೂಟ್ ಮೆನುವಿನಿಂದ ನೇರ ಹೋಗುವುದೇ ಒಳ್ಳೆಯದು.


ಡೊಂಬಿವಲಿ_ಲೆಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಂಡೋಸ್ ಬಂತು! ಟ್ಯಾಲಿ ತೆರೆಯಿತು, ಎಲ್ಲಾ ಕಂಪನಿಗಳೂ ಇವೆ, ನಾನು ಕೊನೆಗೆ ಹಾಕಿದ ಎಂಟ್ರಿಯವರೆಗೂ ಇದೆ.

ಏನಾಯಿತು ಅಂತ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ಎಕ್ಸಿಟ್ ಕೊಟ್ಟರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ತಿರುಗಿ ಗ್ರಬ್‌ಗೇ ಬಂತು. ಬೂಟ್ ಮೆನು ತೆಗೆದಾಗ ಎರಡು ಹೆಸರಿತ್ತು, ಮೇಲೆ ಲಿನಕ್ಸಿಂದು, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಕೆಳಗಿನದನ್ನು ಆರಿಸಿದೆ. ಆಗ ನೀಲಿ ಪರದೆ ಬಂದು ರಿಕವರಿ ಕೀ ಕೇಳಿತು. ನನ್ನ ಅಕೌಂಟ್‌ನಲ್ಲಿ ಕೀ ಸಿಕ್ಕಿರಲೇ ಇಲ್ಲ, ಎದೆ ಧಸಕ್ ಅಂದಿತು. ಆಮೇಲೆ ನೆನಪಾಯಿತು, ಲ್ಯಾಪ್‌ಟಾಪ್ ತಂದ ದಿನ ಮೊದಲು ಸೆಟ್ ಮಾಡಿದ್ದು ನಮ್ಮ ಯಜಮಾನರ ಇಮೇಲ್‌ನಿಂದ. ಅವರ ಅಕೌಂಟ್ ತೆಗೆದರೆ ಅಲ್ಲಿತ್ತು. ಪರದೆ ಮೇಲೆ ಕೀ ಐಡಿ ಅಂತ ತೋರಿಸುತ್ತದಲ್ವಾ, ಅದರ ಮೊದಲ ಎಂಟು ಅಕ್ಷರ ಅಕೌಂಟ್‌ನಲ್ಲಿರುವುದಕ್ಕೆ ಹೊಂದುತ್ತಿತ್ತು. 48 ಅಂಕೆಯನ್ನು ಅವರು ಓದಿದರು, ನಾನು ಟೈಪ್ ಮಾಡಿದೆ.

ಎರಡು ಪ್ರಶ್ನೆ. ನೇರ ಬೂಟ್ ಮೆನುವಿನಿಂದ ಹೋದರೂ ಕೀ ಯಾಕೆ ಕೇಳಿತು? ಮತ್ತೆ ಆಫ್ ಮಾಡಿ ಆನ್ ಮಾಡಿದರೆ ಪುನಃ ಗ್ರಬ್ಬೇ ಬರುತ್ತದಾ? ಹೆದರಿ ಆಫ್ ಮಾಡಿಯೇ ಇಲ್ಲ, ಚಾರ್ಜರ್ ಹಾಕಿಟ್ಟಿದ್ದೇನೆ.


ಪಿಂಪ್ರಿ_ಸಪೋರ್ಟ್:

ಬಹಳ ಸಂತೋಷ ಮೇಡಂ. ಉತ್ತರ ಓದುವ ಮೊದಲೇ ಟ್ಯಾಲಿ ಡೇಟಾ ಫೋಲ್ಡರ್ ಪೂರ್ತಿ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಟ್ಯಾಲಿ ಮುಚ್ಚಿ ಕಾಪಿ ಮಾಡಿ, ತೆರೆದಿಟ್ಟುಕೊಂಡು ಬೇಡ. ಕಾಪಿ ಆದ ಮೇಲೆ ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಯಜಮಾನರ ಅಕೌಂಟ್‌ನ ಆ ಕೀಯನ್ನೂ ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗ್ ಬಿಟ್ಟು ಬೇರೆ ಕಡೆ ಇಡಿ.

ಕೀ ಕೇಳಿದ್ದಕ್ಕೆ ಕಾರಣ, ಅಂಗಡಿಯಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್ ಫೈಲ್‌ಗಳನ್ನು ಮಾತ್ರ ಬಿಡುವ ಬಯಾಸ್ ಸೆಟ್ಟಿಂಗ್) ಆಫ್ ಮಾಡಿರಬಹುದು. ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದರೆ ಸೆಕ್ಯೂರ್ ಬೂಟ್ ಸ್ಟೇಟ್ ಅಂತ ಒಂದು ಸಾಲು ಇರುತ್ತದೆ, ಅಲ್ಲಿ ಆಫ್ ಅಂತಿದೆಯಾ ನೋಡಿ. ಬಿಟ್‌ಲಾಕರ್ ಕೀಯನ್ನು ಟಿಪಿಎಂ ಚಿಪ್ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಶುರುವಾದ ರೀತಿ ಮೊದಲಿನಂತೆಯೇ ಇದ್ದರೆ ಮಾತ್ರ ಅದು ಕೀ ಕೊಡುತ್ತದೆ. ಸೆಕ್ಯೂರ್ ಬೂಟ್ ಬದಲಾದರೆ ಕೊಡುವುದಿಲ್ಲ, ನಮ್ಮನ್ನೇ ಕೇಳುತ್ತದೆ.

ಹೌದು, ಹಾಗೇ ಬಿಟ್ಟರೆ ಮತ್ತೆ ಗ್ರಬ್ ಬರುತ್ತದೆ. ಬೂಟ್ ಕ್ರಮ ಮದರ್‌ಬೋರ್ಡ್‌ನ ನೆನಪಿನಲ್ಲಿರುತ್ತದೆ, ಅಲ್ಲಿ ಈಗ ಲಿನಕ್ಸ್ ಮೊದಲಿದೆ. ಬಯಾಸ್‌ಗೆ ಹೋಗುವ ಮೊದಲು ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮ್ಯಾನೇಜ್-ಬಿಡಿಇ ಕಮಾಂಡ್‌ನಿಂದ ಸಿ ಡ್ರೈವ್‌ನ ಪ್ರೊಟೆಕ್ಟರ್ಸ್ ಡಿಸೇಬಲ್ ಮಾಡಿ. ಡೇಟಾ ಡಿಕ್ರಿಪ್ಟ್ ಆಗುವುದಿಲ್ಲ, ಸ್ವಲ್ಪ ಹೊತ್ತು ಕಾವಲು ಸಡಿಲ ಮಾಡಿದಂತೆ ಅಷ್ಟೇ. ಆಮೇಲೆ ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ, ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲ ಸ್ಥಾನಕ್ಕೆ ತನ್ನಿ, ಸೆಕ್ಯೂರ್ ಬೂಟ್ ಆನ್ ಮಾಡಿ, ಸೇವ್ ಕೊಟ್ಟು ಹೊರಗೆ ಬನ್ನಿ. ವಿಂಡೋಸ್ ಬಂದ ಮೇಲೆ ಪ್ರೊಟೆಕ್ಟರ್ಸ್ ಎನೇಬಲ್ ಮಾಡಿ. ನಡುವೆ ಒಂದು ಸಲ ಕೀ ಕೇಳಿದರೂ ಗಾಬರಿ ಬೇಡ, ನಿಮ್ಮ ಹತ್ತಿರ ಇದೆ.

ಇಎಫ್‌ಐ ಪಾರ್ಟಿಷನ್‌ನಲ್ಲಿ ಗ್ರಬ್ ಫೋಲ್ಡರ್ ಉಳಿದಿರುತ್ತದೆ. ಅದನ್ನು ಅಳಿಸುವ ದಾರಿ ಇದೆ, ಆದರೆ 20ರವರೆಗೆ ಬೇಡ. ಕೆಲವೇ ಎಂಬಿ, ಸುಮ್ನೆ ಅಲ್ಲೇ ಇರಲಿ. ಅವಸರದಲ್ಲಿ ಪಕ್ಕದ ಫೋಲ್ಡರ್ ಅಳಿಸಿದರೆ ಆಗ ನಿಜವಾಗಿಯೂ ಬಿಸಿಡಿಬೂಟ್ ಬೇಕಾಗುತ್ತದೆ.


ವಾಸ್ಕೋ_ಬಂದರು:

ಅಕ್ಕ, ನಿಮ್ಮದು ಆಯಿತು. ಆದರೆ ಹುಡುಗನ ಡಿಸ್ಕಿನ ಕಥೆ ಏನು? ಗ್ರಬ್ ನಿಮ್ಮಲ್ಲೇ ಉಳಿದಿದೆ ಅಂದರೆ ಅಲ್ಲಿ ಅವನ ಡಿಸ್ಕ್ ಬೂಟ್ ಆಗುತ್ತಿರಲಿಕ್ಕಿಲ್ಲ. ಕೇಳಿ ನೋಡಿ.


ಪುಣೆ_ಹಾಸ್ಟೆಲ್:

ನಮಸ್ಕಾರ, ಆ ಹುಡುಗ ನಾನೇ. ಚಿಕ್ಕಮ್ಮ ಈ ಲಿಂಕ್ ಕಳಿಸಿದರು. ಅವರ ಲ್ಯಾಪ್‌ಟಾಪ್ ಉಳಿಸಿದ್ದಕ್ಕೆ ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಹೌದು, ಇಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಬೂಟ್ ಮೆನುವಿನಲ್ಲಿ ನನ್ನ ಡಿಸ್ಕ್ ಕಾಣುವುದೇ ಇಲ್ಲ. ಸೂಪರ್ ಗ್ರಬ್2 ಡಿಸ್ಕ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಹುಡುಕಿದರೆ ನನ್ನ ಲಿನಕ್ಸ್ ಸಿಗುತ್ತದೆ, ಬೂಟ್ ಕೂಡ ಶುರುವಾಗುತ್ತದೆ. ಆದರೆ ನಡುವೆ, ಯಾವುದೋ ಡಿಸ್ಕಿಗಾಗಿ ಸ್ಟಾರ್ಟ್ ಜಾಬ್ ಕಾಯುತ್ತಿದೆ ಅಂತ ಬಂದು ಒಂದೂವರೆ ನಿಮಿಷ ಎಣಿಸುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಡಿಸ್ಕ್ ಹೊಸದು, ಡಿಸ್ಕೇ ಕೆಟ್ಟಿದೆಯಾ? ತಪ್ಕೀರ್ ಗಲ್ಲಿಯಲ್ಲಿ ತೆಗೆದುಕೊಂಡದ್ದು, ಬದಲಾಯಿಸಿಕೊಡಿ ಅಂತ ಕೇಳಬೇಕಾ?


ವಾಸ್ಕೋ_ಬಂದರು:

ತಮ್ಮಾ, ಡಿಸ್ಕ್ ಕೆಟ್ಟಿಲ್ಲ. ಅಂಗಡಿಗೆ ಹೋಗುವ ಕೆಲಸ ಇಲ್ಲ.

ನಿನ್ನ ಲಿನಕ್ಸಿನ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ಅಂದರೆ ಶುರುವಾಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿಯಲ್ಲಿ, ಬೂಟ್ ಇಎಫ್‌ಐ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಚಿಕ್ಕಮ್ಮನ ಲ್ಯಾಪ್‌ಟಾಪ್‌ನ ಇಎಫ್‌ಐ ಪಾರ್ಟಿಷನ್‌ನ ಗುರುತು (ಯುಯುಐಡಿ) ಬರೆದಿದೆ. ಆ ಪಾರ್ಟಿಷನ್ ಡೊಂಬಿವಲಿಯಲ್ಲಿದೆ, ಅದಕ್ಕೇ ಒಂದೂವರೆ ನಿಮಿಷ ಕಾದು ಕೈಬಿಡುತ್ತದೆ. ಫ್ಯಾಟ್32 ಆದ್ದರಿಂದ ಆ ಗುರುತು ಚಿಕ್ಕದಾಗಿರುತ್ತದೆ, ನಾಲ್ಕು ಅಕ್ಷರ, ಒಂದು ಗೆರೆ, ಮತ್ತೆ ನಾಲ್ಕು. ಉದ್ದ ಇರುವುದು ನಿನ್ನ ರೂಟ್ ಪಾರ್ಟಿಷನ್‌ದು, ಅದನ್ನು ಮುಟ್ಟಬೇಡ.

ಈಗ ನೀನು ಇನ್‌ಸ್ಟಾಲ್ ಮಾಡಲು ಬಳಸಿದ ಲೈವ್ ಪೆನ್‌ಡ್ರೈವ್‌ನಿಂದ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕೊಟ್ಟು, ಯಾವುದು ರೂಮ್‌ಮೇಟ್ ಡಿಸ್ಕ್, ಯಾವುದು ನಿನ್ನದು ಅಂತ ಸೈಜ್ ನೋಡಿ ಖಚಿತ ಮಾಡಿಕೋ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೋ. ಇಲ್ಲಿ ಎಡವಿದರೆ ಚಿಕ್ಕಮ್ಮನಿಗೆ ಆದದ್ದೇ ರೂಮ್‌ಮೇಟ್‌ಗೂ ಆಗುತ್ತದೆ. ನಿನ್ನ ಡಿಸ್ಕಿನಲ್ಲಿ ಒಂದು ಸಣ್ಣ ಫ್ಯಾಟ್32 ಪಾರ್ಟಿಷನ್ ಇರಬೇಕು, ಬಹುಶಃ ಒಳಗೆ ಖಾಲಿ. ಇಲ್ಲದಿದ್ದರೆ ಹೇಳು, ಜಿಪಾರ್ಟೆಡ್‌ನಲ್ಲಿ (ಪಾರ್ಟಿಷನ್ ಮಾಡುವ ಪ್ರೋಗ್ರಾಂ) ಮಾಡೋಣ.

ನಿನ್ನ ರೂಟ್ ಪಾರ್ಟಿಷನ್ ಅನ್ನು ಎಂಎನ್‌ಟಿ ಫೋಲ್ಡರ್‌ಗೆ ಮೌಂಟ್ ಮಾಡು. ಅದರೊಳಗಿನ ಬೂಟ್ ಇಎಫ್‌ಐ ಫೋಲ್ಡರ್‌ಗೆ ನಿನ್ನದೇ ಡಿಸ್ಕಿನ ಆ ಸಣ್ಣ ಪಾರ್ಟಿಷನ್ ಮೌಂಟ್ ಮಾಡು. ದೇವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ ಸಿಎಚ್‌ರೂಟ್ (ನಿನ್ನ ಡಿಸ್ಕಿನ ಲಿನಕ್ಸ್ ಒಳಗೆ ಹೋಗುವ ಕಮಾಂಡ್) ಕೊಡು. ಒಳಗೆ ಹೋದ ಮೇಲೆ ಮೊದಲು ಎಫ್‌ಎಸ್‌ಟ್ಯಾಬ್ ತೆರೆದು ಆ ಚಿಕ್ಕ ಗುರುತಿನ ಜಾಗದಲ್ಲಿ ನಿನ್ನ ಪಾರ್ಟಿಷನ್‌ದು ಬರೆ, ಬಿಎಲ್‌ಕೆಐಡಿ ಕೊಟ್ಟರೆ ಸಿಗುತ್ತದೆ. ಆಮೇಲೆ ಗ್ರಬ್-ಇನ್‌ಸ್ಟಾಲ್ ಅನ್ನು ಎರಡು ಸಲ ಓಡಿಸು, ಒಂದು ಸಲ ನೋ-ಎನ್‌ವಿರಾಮ್ ಆಪ್ಷನ್ ಜೊತೆ, ಇನ್ನೊಂದು ಸಲ ರಿಮೂವಬಲ್ ಆಪ್ಷನ್ ಜೊತೆ. ಮೊದಲನೆಯದು ನಿನ್ನ ಡಿಸ್ಕಿನಲ್ಲೇ ಗ್ರಬ್ ಹಾಕುತ್ತದೆ, ರೂಮ್‌ಮೇಟ್ ಲ್ಯಾಪ್‌ಟಾಪ್‌ನ ಬೂಟ್ ಪಟ್ಟಿ ಮುಟ್ಟುವುದಿಲ್ಲ. ಎರಡನೆಯದು ಇಎಫ್‌ಐ ಒಳಗಿನ ಬೂಟ್ ಫೋಲ್ಡರ್‌ನಲ್ಲಿ ಎಲ್ಲಾ ಕಂಪ್ಯೂಟರ್‌ಗಳೂ ಹುಡುಕುವ ಸ್ಟ್ಯಾಂಡರ್ಡ್ ಹೆಸರಿನಲ್ಲಿ ಇನ್ನೊಂದು ಕಾಪಿ ಇಡುತ್ತದೆ. ಅದಿದ್ದರೆ ಯಾವ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೂ ಬೂಟ್ ಮೆನುವಿನಲ್ಲಿ ಕಾಣುತ್ತದೆ. ಕೊನೆಗೆ ಅಪ್‌ಡೇಟ್-ಗ್ರಬ್.

ಎಫ್‌ಎಸ್‌ಟ್ಯಾಬ್ ಸಾಲನ್ನು ಅಳಿಸಿ ಸುಮ್ಮನಾಗಬಹುದಲ್ವಾ ಅಂತ ಅನ್ನಿಸಬಹುದು. ಬೂಟ್ ಏನೋ ಆಗುತ್ತದೆ. ಆದರೆ ಮುಂದೆ ಗ್ರಬ್ ಅಪ್‌ಡೇಟ್ ಬಂದಾಗ ಅದು ಬರೆಯುವುದು ಬೂಟ್ ಇಎಫ್‌ಐನಲ್ಲಿ ಮೌಂಟ್ ಆಗಿರುವ ಕಡೆಗೆ. ಅಲ್ಲಿ ನಿನ್ನ ಪಾರ್ಟಿಷನ್ ಇರಲೇಬೇಕು, ಇಲ್ಲದಿದ್ದರೆ ಹಳೆ ಗ್ರಬ್, ಹೊಸ ಸಾಮಾನು ಆಗಿ ಮತ್ತೆ ತೊಂದರೆ.


ಪುಣೆ_ಹಾಸ್ಟೆಲ್:

ಬೂಟ್ ಆಯಿತು ಸರ್. ಇಎಫ್‌ಐ ಪಾರ್ಟಿಷನ್ ಇತ್ತು, ನೀವು ಹೇಳಿದ ಹಾಗೆ ಖಾಲಿ. ಎಫ್‌ಎಸ್‌ಟ್ಯಾಬ್‌ನಲ್ಲಿದ್ದ ಗುರುತನ್ನು ಚಿಕ್ಕಮ್ಮನ ಹತ್ತಿರ ಅವರ ಲ್ಯಾಪ್‌ಟಾಪ್‌ದು ಕೇಳಿ ಹೋಲಿಸಿದೆ, ಅದೇ! ಈಗ ರೂಮ್‌ಮೇಟ್‌ದರಲ್ಲೂ ಬರುತ್ತದೆ, ಲ್ಯಾಬ್ ಕಂಪ್ಯೂಟರ್‌ನಲ್ಲೂ ಬರುತ್ತದೆ. ಆ ಕಾಯುವುದೂ ಇಲ್ಲ. ಡಿಸ್ಕ್ ತೆಗೆದು ರೂಮ್‌ಮೇಟ್ ಲ್ಯಾಪ್‌ಟಾಪ್ ಆನ್ ಮಾಡಿ ನೋಡಿದೆ, ಅವನ ವಿಂಡೋಸ್ ಮೊದಲಿನ ಹಾಗೇ ಇದೆ.

ಮುಂದೆ ಯಾರಿಗಾದರೂ ಹೀಗೆ ಹೊರಗಿನ ಡಿಸ್ಕಿಗೆ ಹಾಕಿಕೊಡಬೇಕಾದರೆ ಸುರಕ್ಷಿತವಾಗಿ ಹೇಗೆ ಮಾಡುವುದು? ಕ್ಲಾಸಿನಲ್ಲಿ ಇನ್ನೂ ಕೆಲವರು ಕೇಳುತ್ತಿದ್ದಾರೆ.


ಪಿಂಪ್ರಿ_ಸಪೋರ್ಟ್:

ಡೆಸ್ಕ್‌ಟಾಪ್ ಆದರೆ ಒಳಗಿನ ಡಿಸ್ಕಿನ ಕೇಬಲ್ ಕಿತ್ತು ಇನ್‌ಸ್ಟಾಲ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು, ಮುಗಿದ ಮೇಲೆ ಸಿಕ್ಕಿಸಿದರಾಯಿತು. ಲ್ಯಾಪ್‌ಟಾಪ್‌ನಲ್ಲಿ ಅದು ಕಷ್ಟ. ಕೆಲವು ಬಯಾಸ್‌ಗಳಲ್ಲಿ ಒಳಗಿನ ಡಿಸ್ಕ್ ಆಫ್ ಮಾಡುವ ಆಪ್ಷನ್ ಇರುತ್ತದೆ, ಇದ್ದರೆ ಅದನ್ನು ಬಳಸು. ಅದೂ ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ತೆರೆಯುವ ಮೊದಲು ಜಿಪಾರ್ಟೆಡ್‌ಗೆ ಹೋಗಿ ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ಮೇಲಿರುವ ಬೂಟ್ ಮತ್ತು ಇಎಸ್‌ಪಿ ಗುರುತು ತೆಗೆ. ಆಗ ಇನ್‌ಸ್ಟಾಲರ್‌ಗೆ ಅದು ಇಎಫ್‌ಐ ಪಾರ್ಟಿಷನ್ ಅಂತ ಗೊತ್ತಾಗದೆ ಹೊರಗಿನ ಡಿಸ್ಕಿನದನ್ನೇ ಹಿಡಿಯುತ್ತದೆ. ಮುಗಿದ ಕೂಡಲೇ, ರೀಸ್ಟಾರ್ಟ್ ಮಾಡುವ ಮೊದಲೇ, ಆ ಎರಡೂ ಗುರುತು ವಾಪಸ್ ಹಾಕಬೇಕು.

ಮತ್ತೆ ಯಾರ ಲ್ಯಾಪ್‌ಟಾಪ್ ಆದರೂ ಸರಿ, ಪೆನ್‌ಡ್ರೈವ್ ಸಿಕ್ಕಿಸುವ ಮೊದಲು ಅವರ ರಿಕವರಿ ಕೀ ಯಾರ ಅಕೌಂಟ್‌ನಲ್ಲಿದೆ ಅಂತ ಕೇಳು. ಗೊತ್ತಿಲ್ಲ ಅಂದರೆ ಹುಡುಕಿ ಸಿಗುವವರೆಗೆ ಶುರು ಮಾಡಬೇಡ.


ಡೊಂಬಿವಲಿ_ಲೆಕ್ಕ:

ಬೂಟ್ ಕ್ರಮ ಬದಲಾಯಿಸಿದೆ, ಸೆಕ್ಯೂರ್ ಬೂಟ್ ನೀವು ಹೇಳಿದ ಹಾಗೆ ಆಫ್ ಆಗಿತ್ತು, ಆನ್ ಮಾಡಿದೆ. ಪ್ರೊಟೆಕ್ಟರ್ಸ್ ಮೊದಲೇ ಡಿಸೇಬಲ್ ಮಾಡಿದ್ದರಿಂದ ಕೀ ಕೇಳಲಿಲ್ಲ, ಈಗ ಎನೇಬಲ್ ಕೂಡ ಮಾಡಿದ್ದೇನೆ. ಆಫ್ ಮಾಡಿ ಆನ್ ಮಾಡಿದರೆ ಸೀದಾ ವಿಂಡೋಸ್ ಬರುತ್ತಿದೆ. ಡೇಟಾ ಎರಡು ಪೆನ್‌ಡ್ರೈವ್‌ನಲ್ಲಿದೆ, ಒಂದನ್ನು ಯಜಮಾನರ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದೆ. ಗ್ರಬ್ ಫೋಲ್ಡರ್ ಸದ್ಯಕ್ಕೆ ಹಾಗೇ ಇರಲಿ, 3ಬಿ ಎಲ್ಲಾ ಕಳಿಸಿದ ಮೇಲೆ ಇಲ್ಲೇ ಬಂದು ಕೇಳುತ್ತೇನೆ.